ಊದಿದ ಕಾಲಿನ ಆರೈಕೆ ಬೆರಳಸಂದಿಯಿಂದ ಶುರು

ನಮ್ಮ ಚಿಕ್ಕಮ್ಮನಿಗೆ ಬೆಳಗಿನ ಕಾಫಿಗಿಂತ ಮೊದಲು ಕಾಲಿನ ಕೆಲಸ. ಬಚ್ಚಲಿನ ಹೊರಗೆ ಸ್ಟೂಲು ಹಾಕಿಕೊಂಡು, ಎಡಗಾಲನ್ನು ಬೇಸಿನ್ನಿನಲ್ಲಿಟ್ಟು ಕೂರುತ್ತಾರೆ. ಮೊಣಕಾಲಿನಿಂದ ಕೆಳಗೆ ಆ ಕಾಲು ಬಲಗಾಲಿನ ಒಂದೂವರೆಯಷ್ಟು ದಪ್ಪ. ಸೋಪು ಹಚ್ಚಿ ತೊಳೆಯುತ್ತಾರೆ. ಆಮೇಲೆ ಹಳೆಯ ಪಂಚೆಯಿಂದ ಹರಿದ ಪಟ್ಟಿಯೊಂದನ್ನು ಬತ್ತಿಯ ಹಾಗೆ ಹೊಸೆದು, ಒಂದೊಂದೇ ಬೆರಳಸಂದಿಗೆ ಇಟ್ಟು ಒತ್ತಿ ಹಿಡಿಯುತ್ತಾರೆ. ಉಜ್ಜುವುದಿಲ್ಲ. ನೀರು ಬಟ್ಟೆಗೆ ಇಳಿಯುವವರೆಗೆ ಹಿಡಿದು, ತೆಗೆದು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬಿಳಿ ಸಿಪ್ಪೆ ಅಂಟಿದೆಯೇ, ರಕ್ತದ ಚುಕ್ಕೆ ಇದೆಯೇ ಎಂದು. ನಾಲ್ಕು ಸಂದಿ, ನಾಲ್ಕು ಪಟ್ಟಿ.

ಮೊದಲೆಲ್ಲ ವರ್ಷಕ್ಕೆ ನಾಲ್ಕೈದು ಸಲ ಅವರಿಗೆ ನಂಜು ಏರುತ್ತಿತ್ತು. ಚಳಿಜ್ವರ, ಬೆಂಕಿ ಇಟ್ಟಂತೆ ಕೆಂಪಾದ ಕಾಲು, ವಾರಗಟ್ಟಲೆ ಹಾಸಿಗೆ. ಈ ಪಟ್ಟಿಯ ಅಭ್ಯಾಸ ಶುರುವಾದ ಮೇಲೆ ಮೂರು ಮಳೆಗಾಲ ಕಳೆದಿವೆ. ಒಮ್ಮೆಯೂ ಬಂದಿಲ್ಲ. ಅವರು ಹೊಸ ಔಷಧಿ ಏನನ್ನೂ ತೆಗೆದುಕೊಂಡಿಲ್ಲ. ಅದಕ್ಕೇ ಈ ಲೇಖನವನ್ನು ಬೆರಳಸಂದಿಯಿಂದ ಶುರುಮಾಡಿದ್ದೇನೆ.

ಈ ಊತಕ್ಕೆ ವೈದ್ಯರು ಲಿಂಫೆಡೀಮಾ ಎನ್ನುತ್ತಾರೆ. ಲಿಂಫ್ ಎಂದರೆ ದುಗ್ಧರಸ, ಎಡೀಮಾ ಎಂದರೆ ಬಾವು. ಹೃದಯ ತಳ್ಳಿದ ರಕ್ತ ಕೂದಲಿಗಿಂತ ತೆಳುವಾದ ನಾಳಗಳಲ್ಲಿ ಹರಿಯುವಾಗ ಒಂದಿಷ್ಟು ನೀರು, ಪ್ರೋಟೀನು ಹೊರಗೆ ಜಿನುಗುತ್ತದೆ. ಮಾಂಸ, ಚರ್ಮ ಎಲ್ಲಕ್ಕೂ ಪೋಷಣೆ ಸಿಗುವುದು ಈ ಜಿನುಗಿನಿಂದಲೇ. ಹಾಗೆ ಜಿನುಗಿದ್ದನ್ನು ಮತ್ತೆ ಒಟ್ಟುಮಾಡಿ ರಕ್ತಕ್ಕೆ ಸೇರಿಸಲು ದೇಹದಲ್ಲಿ ಇನ್ನೊಂದು ನಾಳಜಾಲ ಇದೆ. ಅದೇ ದುಗ್ಧನಾಳಗಳು. ದಿನಕ್ಕೆ ಎರಡು ಮೂರು ಲೀಟರ್ ರಸ ಈ ದಾರಿಯಲ್ಲಿ ಹರಿದು, ತೊಡೆಸಂದಿ, ಕಂಕುಳು, ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿ ಸೋಸಿಕೊಂಡು, ಕೊರಳೆಲುಬಿನ ಹತ್ತಿರ ರಕ್ತನಾಳಕ್ಕೆ ಸೇರುತ್ತದೆ. ರೋಗಾಣುಗಳನ್ನು ಹಿಡಿಯುವುದೂ ಆ ಗ್ರಂಥಿಗಳಲ್ಲೇ.

ಅಡಿಕೆ ತೋಟ ಇದ್ದವರಿಗೆ ಇದನ್ನು ಹೇಳುವುದು ಸುಲಭ. ಬಸಿಗಾಲುವೆ ಕಟ್ಟಿಕೊಂಡರೆ ತೋಟಕ್ಕೆ ಏನಾಗುತ್ತದೋ ದುಗ್ಧನಾಳ ಕೆಟ್ಟರೆ ಕಾಲಿಗೂ ಅದೇ ಆಗುತ್ತದೆ. ನೀರು ನಿಲ್ಲುತ್ತದೆ. ನಿಂತ ನೀರಿನಲ್ಲಿ ಪ್ರೋಟೀನು ಉಳಿಯುತ್ತದೆ. ಕಾಲಾಂತರದಲ್ಲಿ ಆ ಜಾಗದಲ್ಲಿ ನಾರು, ಕೊಬ್ಬು ಬೆಳೆಯುತ್ತದೆ, ಚರ್ಮ ದಪ್ಪವಾಗಿ ಒರಟಾಗುತ್ತದೆ. ಮೊದಮೊದಲು ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಮಲಗಿ ಎದ್ದರೆ ಊತ ಇಳಿದಿರುತ್ತದೆ. ಅಲಕ್ಷ್ಯ ಮಾಡಿದರೆ ಕ್ರಮೇಣ ಗುಳಿ ಬೀಳುವುದೂ ನಿಲ್ಲುತ್ತದೆ, ಊತ ಇಳಿಯುವುದೂ ನಿಲ್ಲುತ್ತದೆ. ಹಾಗಾಗಿ ಆರೈಕೆಯನ್ನು ಗುಳಿ ಬೀಳುವ ಕಾಲದಲ್ಲೇ ಶುರುಮಾಡಬೇಕು.

ಇದು ಯಾರಿಗೆ ಬರುತ್ತದೆ? ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಆನೆಕಾಲು ರೋಗ, ಅಂದರೆ ಫೈಲೇರಿಯಾ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹೊತ್ತು ತರುವ ದಾರದಂಥ ಹುಳು ದುಗ್ಧನಾಳದಲ್ಲಿ ಮನೆಮಾಡಿ ಅದನ್ನು ಹಾಳುಮಾಡುತ್ತದೆ. ಕರಾವಳಿಯ ಜಿಲ್ಲೆಗಳು, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆಯವರಿಗೆ ಇದು ಹೊಸ ಹೆಸರೇನಲ್ಲ. ಇನ್ನೊಂದು, ಸ್ತನ ಕ್ಯಾನ್ಸರಿನ ಚಿಕಿತ್ಸೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ಕಡೆಯ ಕೈ ಊದುತ್ತದೆ. ರೇಡಿಯೇಷನ್ ಕೊಟ್ಟಿದ್ದರೆ ಸಂಭವ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯಾದ ಎರಡು ಮೂರು ವರ್ಷದೊಳಗೆ ಕಾಣಿಸಿಕೊಳ್ಳುವುದು ಸಾಮಾನ್ಯ, ಎಷ್ಟೋ ವರ್ಷ ಬಿಟ್ಟು ಬರುವುದೂ ಉಂಟು. ಗರ್ಭಕೋಶದ ಕ್ಯಾನ್ಸರಿನ ಚಿಕಿತ್ಸೆಯ ನಂತರ ಕಾಲು ಊದಬಹುದು. ಅಪರೂಪಕ್ಕೆ ಹುಟ್ಟಿನಿಂದಲೇ ನಾಳಗಳು ಸರಿಯಾಗಿ ಬೆಳೆಯದವರೂ ಇದ್ದಾರೆ.

ಎಲ್ಲ ಊತವೂ ಲಿಂಫೆಡೀಮಾ ಅಲ್ಲ, ಇದನ್ನು ಮರೆಯಬೇಡಿ. ಎರಡೂ ಕಾಲು ಊದಿ ಉಸಿರು ಕಟ್ಟುತ್ತಿದ್ದರೆ ಹೃದಯ, ಮೂತ್ರಪಿಂಡ ನೋಡಿಸಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ಎನ್ನುವಂತಿಲ್ಲ. ಲಿಂಫೆಡೀಮಾ ಗುರುತಿಸಲು ವೈದ್ಯರು ಮಾಡುವ ಸರಳ ಪರೀಕ್ಷೆಯೊಂದಿದೆ. ಕಾಲಿನ ಎರಡನೇ ಬೆರಳಿನ ಬುಡದ ಮೇಲಿನ ಚರ್ಮವನ್ನು ಚಿವುಟಿ ಎತ್ತಲು ನೋಡುತ್ತಾರೆ. ಎತ್ತಲು ಬರದಷ್ಟು ಅದು ದಪ್ಪವಾಗಿದ್ದರೆ ಲಿಂಫೆಡೀಮಾ ಎಂದು ಬಹುಮಟ್ಟಿಗೆ ಹೇಳಬಹುದು. ಎತ್ತಲು ಬಂದರೆ ಮಾತ್ರ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ವಾಸಿಯಾಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಕೆಟ್ಟ ನಾಳ ಮೊದಲಿನಂತಾಗುವುದಿಲ್ಲ. ಆದರೆ ಊತವನ್ನು ಇಳಿಸಬಹುದು, ಇಳಿದದ್ದನ್ನು ಹಾಗೇ ಉಳಿಸಿಕೊಳ್ಳಬಹುದು, ನಂಜು ಏರದಂತೆ ಬಹುಪಾಲು ತಡೆಯಬಹುದು. ಸಕ್ಕರೆ ಕಾಯಿಲೆಯವರು ದಿನಾ ಪಥ್ಯ ನೋಡಿಕೊಂಡು ಬಾಳುವುದಿಲ್ಲವೇ, ಹಾಗೆ. ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಪರಿಹಾರವಲ್ಲ. ಅದು ನೀರನ್ನಷ್ಟೇ ಎಳೆಯುತ್ತದೆ, ಪ್ರೋಟೀನು ಅಲ್ಲೇ ಉಳಿಯುತ್ತದೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೂ ಪ್ರಯೋಜನವಿಲ್ಲ. ಮೈತೂಕ ಇಳಿಸಿದರೆ ಮಾತ್ರ ನಿಜವಾಗಿ ಅನುಕೂಲವಿದೆ.

ತೊಳೆಯುವ ಕೆಲಸ

ಈಗ ದಿನದ ಕೆಲಸಕ್ಕೆ ಬರೋಣ. ಮೊದಲನೆಯದು ತೊಳೆಯುವುದು. ಇದಕ್ಕೆ ಇಷ್ಟು ಮಹತ್ವ ಯಾಕೆ ಎಂದರೆ, ನಿಂತ ದುಗ್ಧರಸ ಬ್ಯಾಕ್ಟೀರಿಯಾಗಳಿಗೆ ಹಬ್ಬದ ಊಟ. ಬೆರಳಸಂದಿಯಲ್ಲಿ ಕೆಸರು ಹುಣ್ಣಾಗಿ ಚರ್ಮ ಬಿರಿದರೆ ಅದೇ ಅವಕ್ಕೆ ಬಾಗಿಲು. ಒಳಹೊಕ್ಕರೆ ನಂಜು. ಪ್ರತಿ ಸಲ ನಂಜು ಬಂದುಹೋದಾಗಲೂ ಇನ್ನಷ್ಟು ನಾಳಗಳು ಕೆಡುತ್ತವೆ, ಊತ ಒಂದು ಮೆಟ್ಟಿಲು ಏರುತ್ತದೆ. ಕಾಲು ಆನೆಕಾಲಾಗುವುದು ಹುಳುವಿನ ಕಾರಣದಿಂದ ಮಾತ್ರವಲ್ಲ, ಹೀಗೆ ಮತ್ತೆ ಮತ್ತೆ ಬರುವ ನಂಜಿನಿಂದಲೂ ಹೌದು. ಆದ್ದರಿಂದ ಆ ಬಾಗಿಲು ಮುಚ್ಚುವುದೇ ಅರ್ಧ ಚಿಕಿತ್ಸೆ.

ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಸುಡುವ ನೀರು ಬೇಡ, ಉಪ್ಪುನೀರಿನ ಶಾಖವೂ ಬೇಡ, ಬಿಸಿಗೆ ಊತ ಹೆಚ್ಚುತ್ತದೆ. ಸೋಪು ಸಾದಾ ಇರಲಿ, ಘಾಟು ವಾಸನೆಯದ್ದು ಬೇಡ. ಬ್ರಷ್ಷು, ಕಲ್ಲು, ನಾರು ತಾಗಿಸಬೇಡಿ. ಅಂಗೈಯಿಂದ ನೊರೆ ಬರಿಸಿ ತೊಳೆಯಿರಿ. ಚರ್ಮ ಮಡಿಕೆಬಿದ್ದ ಕಡೆ ಬೆರಳು ಹಾಕಿ ಬಿಡಿಸಿ ತೊಳೆಯಬೇಕು, ವಾಸನೆ ಹುಟ್ಟುವುದು ಅಲ್ಲೇ. ನೊರೆ ಪೂರ್ತಿ ಹೋಗಬೇಕು. ಒಣಗಿಸಲು ಟರ್ಕಿ ಟವೆಲಿಗಿಂತ ಹಳೆಯ ಹತ್ತಿ ಬಟ್ಟೆಯೇ ಮೇಲು, ತೊಳೆದು ಬಿಸಿಲಿಗೆ ಹಾಕಿದ್ದು. ಆಮೇಲೆ ಒಳ್ಳೆಯ ಬೆಳಕಿನಲ್ಲಿ ಕಾಲನ್ನು ನೋಡಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮನೆಯವರನ್ನು ಕರೆಯಿರಿ.

ಸಂದಿಯಲ್ಲಿ ಬಿಳಿಚಿ ತುರಿಕೆ ಇದ್ದರೆ ಅದು ಶಿಲೀಂಧ್ರ, ಅಂದರೆ ಫಂಗಸ್. ಕ್ಲೋಟ್ರಿಮಜೋಲ್‌ನಂಥ ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ತುರಿಕೆ ನಿಂತಿತು ಎಂದು ಮೂರನೇ ದಿನಕ್ಕೆ ಬಿಟ್ಟರೆ ಮತ್ತೆ ಬರುತ್ತದೆ. ಒಣಗಿ ಬಿರಿದ ಚರ್ಮಕ್ಕೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ತೆಳುವಾಗಿ ಸವರಬಹುದು, ಬೆರಳಸಂದಿಗೆ ಮಾತ್ರ ಹಚ್ಚಬೇಡಿ. ಗಾಯದ ಮೇಲೆ ಸೊಪ್ಪು ಅರೆದು ಕಟ್ಟುವುದು, ಅರಿಶಿನ ಮೆತ್ತುವುದು ಬೇಡ.

ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಯಾವುದೂ ಒಣಗುವುದಿಲ್ಲ, ಬೆರಳಸಂದಿ ಹೇಗೆ ಒಣಗೀತು? ಚಿಕ್ಕಮ್ಮ ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ತೊಳೆದು, ಫ್ಯಾನಿನ ಕೆಳಗೆ ಕಾಲು ಚಾಚಿ ಕೂರುತ್ತಾರೆ. ದೇವಸ್ಥಾನದ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಲೇಬೇಕಾದಾಗ ಕೈಚೀಲದಲ್ಲಿ ಎರಡು ಪಟ್ಟಿ ಇಟ್ಟುಕೊಂಡಿರುತ್ತಾರೆ. ಚಪ್ಪಲಿ ಮೆಟ್ಟುವ ಮೊದಲು ಒರೆಸಿಕೊಳ್ಳುತ್ತಾರೆ. ಬೇರೆಲ್ಲ ಕಡೆ ಬರಿಗಾಲು ಬೇಡವೇ ಬೇಡ, ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ. ಹಿಮ್ಮಡಿಗೆ ಪಟ್ಟಿ ಇರುವ, ಅಗಲವಾದ, ಗಾಳಿಯಾಡುವ ಚಪ್ಪಲಿ ಒಳ್ಳೆಯದು.

ಕೈ ಊದಿದವರಿಗೆ ಅಡುಗೆಮನೆಯೇ ಅಪಾಯದ ಜಾಗ. ಒಗ್ಗರಣೆ ಸಿಡಿಯುವುದು, ಈಳಿಗೆಮಣೆ ತಾಗುವುದು, ಮೀನಿನ ಮುಳ್ಳು ಚುಚ್ಚುವುದು, ಪಾತ್ರೆ ತೊಳೆಯುವ ಪುಡಿಗೆ ಚರ್ಮ ಒಡೆಯುವುದು. ರಬ್ಬರ್ ಕೈಗವಸು ಇಟ್ಟುಕೊಳ್ಳಿ. ಬಿಗಿ ಬಳೆ, ಉಂಗುರ, ತೋಳು ಹಿಡಿಯುವ ರವಿಕೆ ಬೇಡ. ಸಣ್ಣ ಗಾಯವನ್ನೂ ಅಂದೇ ತೊಳೆದು ನಂಜುನಿವಾರಕ ಮುಲಾಮು ಹಚ್ಚಿ.

ಬ್ಯಾಂಡೇಜು ಕೆಲಸ ಮಾಡುವ ಬಗೆ

ಚರ್ಮ ಸರಿಯಾದ ಮೇಲೆ ಒತ್ತುಪಟ್ಟಿ, ಅಂದರೆ ಕಂಪ್ರೆಷನ್. ಇಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಮೆಡಿಕಲ್ ಶಾಪಿಗೆ ಹೋಗಿ ಉಳುಕಿಗೆ ಕಟ್ಟುವ ಕ್ರೇಪ್ ಬ್ಯಾಂಡೇಜು ತಂದು ಸುತ್ತಿಕೊಳ್ಳುತ್ತಾರೆ. ಅದು ತುಂಬಾ ಹಿಗ್ಗುವ ಬಟ್ಟೆ. ಲಿಂಫೆಡೀಮಾಕ್ಕೆ ಬೇಕಾದದ್ದು ಶಾರ್ಟ್ ಸ್ಟ್ರೆಚ್ ಬ್ಯಾಂಡೇಜು, ಅಂದರೆ ಕಡಿಮೆ ಹಿಗ್ಗುವಂಥದ್ದು. ನಡೆಯುವಾಗ ಮೀನಖಂಡದ ಸ್ನಾಯು ಉಬ್ಬುತ್ತದೆ. ಹೊರಗಿನ ಪಟ್ಟಿ ಹಿಗ್ಗದೆ ಗೋಡೆಯಂತೆ ನಿಂತರೆ, ನಡುವೆ ಸಿಕ್ಕ ದುಗ್ಧನಾಳ ಹಿಂಡಿಕೊಂಡು ರಸ ಮೇಲಕ್ಕೆ ಏರುತ್ತದೆ. ಸುಮ್ಮನೆ ಕೂತಾಗ ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಕ್ರೇಪ್ ಬ್ಯಾಂಡೇಜು ಇದಕ್ಕೆ ಉಲ್ಟಾ, ನಡೆಯುವಾಗ ಹಿಗ್ಗಿಬಿಡುತ್ತದೆ, ಕೂತಾಗ ಬಿಗಿಯುತ್ತದೆ.

ಕಟ್ಟುವ ಕ್ರಮ ಹೀಗೆ. ಒಣ ಚರ್ಮದ ಮೇಲೆ ಮೊದಲು ಕಾಲುಚೀಲದಂಥ ಹತ್ತಿಯ ಕೊಳವೆ ಬಟ್ಟೆ. ಅದರ ಮೇಲೆ ಹತ್ತಿ ಅಥವಾ ಫೋಮಿನ ಪದರ, ಗುಳಿ ಇರುವ ಕಡೆ ಸ್ವಲ್ಪ ಹೆಚ್ಚು. ಆಮೇಲೆ ಬ್ಯಾಂಡೇಜು. ಬೆರಳ ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಕೆಳಗೆ ಬಿಗಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಮೇಲ್ಗಡೆ ಬಿಗಿಯಾದರೆ ಬಸಿಗಾಲುವೆಗೆ ನಾವೇ ಕಟ್ಟೆ ಹಾಕಿದಂತೆ. ಕಟ್ಟಿದ ಮೇಲೆ ಹತ್ತು ನಿಮಿಷ ನಡೆದು ಬೆರಳು ನೋಡಿ. ನೀಲಿಯಾದರೆ, ಜುಮ್ಮೆಂದರೆ, ನೋವಾದರೆ ಬಿಚ್ಚಿ ಮತ್ತೆ ಕಟ್ಟಿ. ಓದಿ ಕಲಿಯುವ ವಿದ್ಯೆ ಇದಲ್ಲ. ಫಿಸಿಯೋಥೆರಪಿಸ್ಟ್ ಅಥವಾ ತರಬೇತಾದ ನರ್ಸ್ ಹತ್ತಿರ, ಮನೆಯವರೊಬ್ಬರನ್ನೂ ಕರೆದುಕೊಂಡು ಹೋಗಿ, ಕೈಯಾರೆ ಕಟ್ಟಿ ತೋರಿಸಿ ಬನ್ನಿ. ಕಾಲಿನ ರಕ್ತನಾಳ ಕಟ್ಟಿಕೊಂಡವರು, ಹೃದಯ ದುರ್ಬಲವಾದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ವೈದ್ಯರನ್ನು ಕೇಳದೆ ಕಟ್ಟಲೇಬಾರದು.

ಕೆಲವು ವಾರ ಬ್ಯಾಂಡೇಜು ಕಟ್ಟಿ ಊತ ಇಳಿದು ಒಂದು ಹಂತಕ್ಕೆ ನಿಂತ ಮೇಲೆ ಅಳತೆ ಕೊಟ್ಟು ಸ್ಟಾಕಿಂಗ್ ತೆಗೆದುಕೊಳ್ಳಬೇಕು. ಕೈಗೆ ಸ್ಲೀವ್, ಅಂದರೆ ತೋಳುಚೀಲ. ಊದಿದ ಕಾಲಿಗೇ ಅಳತೆ ಕೊಟ್ಟರೆ ದುಡ್ಡು ದಂಡ, ಊತ ಇಳಿದಂತೆ ಅದು ಸಡಿಲವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹಾಕಿ, ರಾತ್ರಿ ಮಲಗುವಾಗ ತೆಗೆಯುವುದು ರೂಢಿ. ಎರಡು ಜೊತೆ ಬೇಕು, ಒಂದು ಒಗೆತಕ್ಕೆ, ಒಂದು ಮೈಮೇಲೆ. ಆರು ತಿಂಗಳಲ್ಲಿ ಎಲಾಸ್ಟಿಕ್ ಸೋಲುತ್ತದೆ, ಬದಲಿಸಬೇಕು. ನೆರಳಲ್ಲಿ ಒಣಗಿಸಿ, ಹಿಂಡಬೇಡಿ.

ವ್ಯಾಯಾಮ ಎಂದರೆ ಬೆವರು ಸುರಿಸುವುದಲ್ಲ. ಮೊದಲು ಐದಾರು ಸಲ ಹೊಟ್ಟೆ ತುಂಬ ಉಸಿರೆಳೆದು ಬಿಡಿ. ಉಸಿರಾಟ ಎದೆಯೊಳಗಿನ ದೊಡ್ಡ ದುಗ್ಧನಾಳವನ್ನು ಹಿಂಡಿ ಖಾಲಿ ಮಾಡುತ್ತದೆ, ಕೆಳಗಿನ ರಸಕ್ಕೆ ಜಾಗವಾಗುತ್ತದೆ. ಆಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗಿರಕಿ ಹೊಡೆಸುವುದು, ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು, ತಲಾ ಹತ್ತು ಹದಿನೈದು ಸಲ. ಪಟ್ಟಿ ಕಟ್ಟಿಕೊಂಡೇ ಮಾಡಿದರೆ ಫಲ ಹೆಚ್ಚು. ಕೈಗಾದರೆ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು, ಭುಜ ತಿರುಗಿಸುವುದು. ಕೈ ಊದಿದವರು ಭಾರ ಎತ್ತಲೇಬಾರದು ಎಂದು ಹಿಂದೆಲ್ಲ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 141 ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. ತರಬೇತುದಾರರ ಎದುರು ನಿಧಾನವಾಗಿ ತೂಕ ಏರಿಸುತ್ತ ಹೋದವರಿಗೆ ಊತ ಹೆಚ್ಚಲಿಲ್ಲ, ಬದಲಿಗೆ ಊತ ಉಲ್ಬಣಿಸುವುದೇ ಕಡಿಮೆಯಾಯಿತು. ಹಾಗೆಂದು ನಾಳೆಯೇ ಹತ್ತು ಕಿಲೋ ಅಕ್ಕಿ ಚೀಲ ಎತ್ತಬೇಡಿ. ಅರ್ಧ ಕಿಲೋದಿಂದ ಶುರುವಾಗಲಿ.

ಎಣ್ಣೆ ಹಚ್ಚಿ ಬಲವಾಗಿ ನೀವಿಸಿದರೆ ಇಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಇಳಿಯುವುದಿಲ್ಲ, ಚರ್ಮದ ಕೆಳಗಿನ ನವಿರಾದ ನಾಳಗಳಿಗೆ ಪೆಟ್ಟಾಗುತ್ತದೆ. ಲಿಂಫೆಡೀಮಾಕ್ಕೆ ಬೇರೆಯೇ ಮಸಾಜ್ ಇದೆ, ಹೆಸರು ಮ್ಯಾನುಯಲ್ ಲಿಂಫ್ ಡ್ರೈನೇಜ್. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೋಡರ್ ದಂಪತಿ ರೂಪಿಸಿದ್ದು. ಮಗುವಿನ ಕೆನ್ನೆ ಸವರುವಷ್ಟು ಹಗುರ ಕೈ, ಎಣ್ಣೆ ಇಲ್ಲ. ಮೊದಲು ಕುತ್ತಿಗೆ, ಆಮೇಲೆ ಹೊಟ್ಟೆ, ಕೊನೆಗೆ ಊದಿದ ಅಂಗ. ಮೇಲಿನ ದಾರಿ ತೆರವಾಗದೆ ಕೆಳಗಿನದನ್ನು ತಳ್ಳಿ ಪ್ರಯೋಜನವಿಲ್ಲ ಎಂಬುದು ಅದರ ಲೆಕ್ಕ.

ರಾತ್ರಿ ಕಾಲು ಸ್ವಲ್ಪ ಎತ್ತರದಲ್ಲಿರಲಿ. ತಲೆದಿಂಬು ರಾತ್ರಿ ಜಾರಿಹೋಗುತ್ತದೆ. ಮಂಚದ ಕಾಲ್ದೆಸೆಯ ಎರಡು ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟರೆ ಆ ತೊಂದರೆ ಇಲ್ಲ.

ನಂಜು ಏರಿದ ದಿನ

ಇದ್ದಕ್ಕಿದ್ದಂತೆ ಚಳಿ, ಜ್ವರ, ತೊಡೆಸಂದಿಯಲ್ಲಿ ನೋಯುವ ಗಡ್ಡೆ, ಕಾಲು ಕೆಂಪಾಗಿ ಬಿಸಿ. ಆಗ ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದೇ ಹೆಚ್ಚು. ಬ್ಯಾಂಡೇಜು ಬಿಚ್ಚಿ. ವ್ಯಾಯಾಮ, ಮಸಾಜು ನಿಲ್ಲಿಸಿ. ಶಾಖ ಕೊಡಬೇಡಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ, ಕಾಲು ಎತ್ತರದಲ್ಲಿಟ್ಟು ಮಲಗಿ, ನೀರು ಚೆನ್ನಾಗಿ ಕುಡಿಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಅಂದೇ ವೈದ್ಯರನ್ನು ಕಾಣಿ, ಆಂಟಿಬಯಾಟಿಕ್ ಬೇಕಾಗುತ್ತದೆ, ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು. ಮೈ ನಡುಗಿ ಮಾತು ತೊದಲಿದರೆ, ಕೆಂಪು ಗಂಟೆಗಂಟೆಗೂ ಮೇಲೇರುತ್ತಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ. ಪದೇ ಪದೇ ನಂಜು ಬರುವವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಡುವ ಕ್ರಮವೂ ಇದೆ, ಕೇಳಿ ನೋಡಿ.

ಖರ್ಚು ಎಷ್ಟು? ಬೇಸಿನ್ನು, ಮಗ್ಗು, ಸೋಪು, ಮುಲಾಮು ಎಲ್ಲ ಸೇರಿ ಕೆಲವು ನೂರು ರೂಪಾಯಿ. ಫೈಲೇರಿಯಾದಿಂದ ಕಾಲು ಊದಿದವರಿಗೆ ಇದೇ ಸಾಮಾನಿನ ಕಿಟ್ಟನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ, ತೊಳೆಯುವ ಕ್ರಮವನ್ನೂ ತೋರಿಸುತ್ತಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳ ಕಚೇರಿಗೆ ಹೋಗಿ. ಬ್ಯಾಂಡೇಜಿನ ಸೆಟ್ಟು, ಸಿದ್ಧ ಅಳತೆಯ ಸ್ಟಾಕಿಂಗ್ ಎರಡಕ್ಕೂ ಸಾವಿರದ ಲೆಕ್ಕದಲ್ಲಿ ಖರ್ಚು. ಅಳತೆ ಕೊಟ್ಟು ಹೆಣೆಸುವ ವಿದೇಶಿ ಸ್ಟಾಕಿಂಗ್ ಹತ್ತು ಸಾವಿರ ದಾಟುವುದೂ ಉಂಟು. ಗಾಳಿ ತುಂಬಿ ಒತ್ತುವ ಪಂಪಿಗೆ ಇನ್ನೂ ಹೆಚ್ಚು. ಪಂಪೊಂದಿದ್ದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಬ್ಯಾಂಡೇಜಿನ ಜೊತೆಗೆ ಬಳಸುವಂಥದ್ದು. ದುಗ್ಧನಾಳವನ್ನು ರಕ್ತನಾಳಕ್ಕೆ ಹೊಲಿಯುವ ಸೂಕ್ಷ್ಮ ಶಸ್ತ್ರಚಿಕಿತ್ಸೆ ಬಂದಿದೆ. ಮೊದಮೊದಲ ಹಂತದಲ್ಲಿ ಕೆಲವರಿಗೆ ಅನುಕೂಲ, ಆದರೆ ಅದಾದ ಮೇಲೂ ಆರೈಕೆ ತಪ್ಪುವುದಿಲ್ಲ.

ಎಲ್ಲಿ ಹೋಗಬೇಕು? ಕ್ಯಾನ್ಸರ್ ಚಿಕಿತ್ಸೆ ಆದವರು ಅದೇ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಮೊದಲು ಕೇಳಬೇಕು. ಫೈಲೇರಿಯಾದವರಿಗೆ ಕನ್ನಡ ಮಾತಾಡುವ ನೆಲದಲ್ಲೇ ಒಂದು ಜಾಗವಿದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ. ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು, ಆಕ್ಸ್‌ಫರ್ಡಿನ ಚರ್ಮತಜ್ಞ ಪ್ರೊ. ಟೆರೆನ್ಸ್ ರಯಾನ್ ಅವರ ಸಹಯೋಗದಲ್ಲಿ, ತೊಳೆಯುವುದು, ಆಯುರ್ವೇದದ ಕಷಾಯದಲ್ಲಿ ಕಾಲು ನೆನೆಸುವುದು, ಯೋಗ, ಉಸಿರಾಟ, ಹಗುರ ಮಸಾಜು, ಬ್ಯಾಂಡೇಜು ಎಲ್ಲವನ್ನೂ ಕೂಡಿಸಿದ ಕ್ರಮವೊಂದನ್ನು ಅಲ್ಲಿ ಬೆಳೆಸಿದ್ದಾರೆ. ರೋಗಿಯೂ ಮನೆಯವರೂ ಕಲಿತುಕೊಂಡು ಹೋಗಿ ಮನೆಯಲ್ಲಿ ಮುಂದುವರಿಸುವುದೇ ಅದರ ಸಾರ. ಚಿಕಿತ್ಸೆಯ ಪ್ರಗತಿ ತಿಳಿಯಲು ದರ್ಜಿಯ ಟೇಪು ಸಾಕು. ತಿಂಗಳಿಗೊಮ್ಮೆ ಬೆಳಿಗ್ಗೆ, ಹಿಮ್ಮಡಿಯಿಂದ ಮೇಲೆ ಹತ್ತು ಸೆಂಟಿಮೀಟರಿಗೊಂದು ಕಡೆ ಸುತ್ತಳತೆ ತೆಗೆದು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಆನೆಕಾಲು ರೋಗ ಅಂಟುಜಾಡ್ಯವೇ? ಅಲ್ಲ. ಊದಿದ ಕಾಲು ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ರಕ್ತದಲ್ಲಿ ಎಳೆಹುಳು ಇದ್ದವರನ್ನು ಕಚ್ಚಿದ ಸೊಳ್ಳೆಯಿಂದಲೇ ಬರಬೇಕು. ಅಂಥವರ ಕಾಲು ಎಷ್ಟೋ ಸಲ ಊದಿಯೇ ಇರುವುದಿಲ್ಲ. ಆರೋಗ್ಯ ಕಾರ್ಯಕರ್ತರು ಮನೆಗೆ ಬಂದು ಡಿಇಸಿ, ಆಲ್ಬೆಂಡಜೋಲ್ ಮಾತ್ರೆ ಕೊಟ್ಟಾಗ ಗಟ್ಟಿಮುಟ್ಟಾಗಿರುವವರೂ ನುಂಗಬೇಕಾದದ್ದು ಇದಕ್ಕೇ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಮಾತ್ರ ಬೇಡ. 2027ರೊಳಗೆ ಈ ರೋಗವನ್ನು ದೇಶದಿಂದ ತೊಲಗಿಸುವ ಗುರಿ ಇದೆ. ಆದರೆ ಈಗಾಗಲೇ ಊದಿದ ಕಾಲನ್ನು ಆ ಮಾತ್ರೆ ಇಳಿಸುವುದಿಲ್ಲ.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಕಾಲು ಊದಿದ ಹಿರಿಯರಿದ್ದರೆ ಒಂದು ಕೋರಿಕೆ. ಬಗ್ಗಿ ಬೆರಳು ಮುಟ್ಟಲು ಅವರಿಗೆ ಆಗದೆ ಇರಬಹುದು, ಕೇಳಲು ಸಂಕೋಚವೂ ಇರಬಹುದು. ಇವತ್ತು ರಾತ್ರಿ ನೀವೇ ಟಾರ್ಚು ಹಿಡಿದು ಅವರ ನಾಲ್ಕು ಬೆರಳಸಂದಿಗಳನ್ನು ನೋಡಿ.